ಕೂದಲೆಳೆಯಷ್ಟು ಕೆಳಗೆ

"ಮುಚ್ಚಿ ಅದನ್ನ," ಎಂದರು ಮೇಷ್ಟ್ರು.

ನಾನು ಪಿಯಾನೋದ ಮುಚ್ಚಳ ಆಗಲೇ ಎತ್ತಿಯಾಗಿತ್ತು. ಮುಚ್ಚು ಎಂದರೆ ಇನ್ನೊಂದಿಷ್ಟು ಎತ್ತುವುದು ನನ್ನ ಜಾಯಮಾನ. ಕೋರ್ಟಿನ ಟೈಪಿಸ್ಟ್ ಕೆಲಸ ಬಿಟ್ಟು ಈ ಪತ್ತೇದಾರಿ ಕಸುಬಿಗೆ ಬಿದ್ದದ್ದೂ ಅದರಿಂದಲೇ ಇರಬೇಕು.

"ಒಂದೇ ಒಂದು ಸ್ವರ ಒತ್ತಿ ಮೇಷ್ಟ್ರೇ. ನಾನು ನನ್ನ ಪಾಡಿಗೆ ಹೊರಟುಹೋಗ್ತೀನಿ."

"ನೀವು ಪತ್ತೇದಾರಿಕೆಗೆ ಬಂದಿದೀರೋ, ಸಂಗೀತ ಪರೀಕ್ಷೆ ಮಾಡೋಕೆ ಬಂದಿದೀರೋ?"

"ಸಂಗೀತದಲ್ಲಿ ನಾನು ದೊಡ್ಡ ಸೊನ್ನೆ. ನಾನು ಬಾಯಿ ತೆಗೆದ್ರೆ ನಮ್ಮಕ್ಕ ಎದ್ದುಹೋಗಿ ಕೋಣೆ ಬಾಗಿಲು ಹಾಕ್ಕೊಳ್ತಾಳೆ."

ಅವರು ನಗಲಿಲ್ಲ. ಮೂರು ಸಲ ಬಂದಿದ್ದೇನೆ, ಒಂದು ಸಲವೂ ನಕ್ಕಿದ್ದು ಕಾಣೆ.

ಎರಡನೇ ಮಹಡಿಯ ಕೋಣೆ. ಕೆಳಗೆ ಟೈರು ರಿಪೇರಿ ಅಂಗಡಿ. ಅಂಗಡಿಯವರು ಸುತ್ತಿಗೆ ಬೀಸಿದಾಗಲೆಲ್ಲ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಒಂದು ಮಂಚ, ಒಂದು ಕುರ್ಚಿ, ಉಳಿದಷ್ಟು ಜಾಗಕ್ಕೂ ಪಿಯಾನೋ. ಬಾಡಿಗೆ ಕಟ್ಟುವುದು ಮೇಷ್ಟ್ರಾದರೂ ಆ ಕೋಣೆಯಲ್ಲಿ ಸಂಸಾರ ಹೂಡಿದ್ದು ಅದೇ. ಮೇಷ್ಟ್ರು ಮಂಚದ ಅಂಚಿನಲ್ಲಿ, ನೆಂಟರ ಮನೆಗೆ ಬಂದವರಂತೆ ಮುದುಡಿಕೊಂಡು ಕೂತಿದ್ದರು.

ಇವರು ನನ್ನ ಕಕ್ಷಿದಾರಳ ಸೋದರಮಾವ. ಆಕೆಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ, ಅದರ ಮೇಲೆಯೇ ಮನೆ. ಆಕೆಯ ತಾಯಿ ಒಂದು ಕಾಲದ ಗಾಯಕಿ. ಗಂಟಲಿನ ಕಾಯಿಲೆಗೆ ಹೋದ ವರ್ಷ ಧ್ವನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆದರು. ಅದಾದ ಸ್ವಲ್ಪ ದಿನಕ್ಕೆ ಆ ತಾಯಿಯ ಮೂರೂ ಆಲ್ಬಮ್ಮುಗಳು ಫೋನಿನಲ್ಲಿ ಹಾಡು ಕೇಳಿಸುವ ಡಿಜಿಟಲ್ ಮಳಿಗೆಗಳಿಂದೆಲ್ಲ ಮಾಯವಾದವು. ಹೆಸರು ಹಾಕಿ ಹುಡುಕಿದರೆ ಬೇರೆ ಯಾರ ಯಾರದೋ ಹಾಡು ಬರುತ್ತಿತ್ತು, ಆಕೆಯದು ಬರುತ್ತಿರಲಿಲ್ಲ.

ಈಗ ಕಾಯಿಲೆ ಮರಳಿ ಬಂದಿದೆ. ಡಾಕ್ಟರು ತಿಂಗಳುಗಳ ಮಾತು ಬಿಟ್ಟು ವಾರಗಳ ಮಾತಾಡುತ್ತಿದ್ದಾರೆ.

"ಅಮ್ಮ ಹೋದ್ಮೇಲೆ ಅವಳ ಹೆಸರು ಹುಡುಕಿದ್ರೆ ಏನೂ ಸಿಗಲ್ಲ ಅಂದ್ರೆ, ಅವಳು ಹಾಡಿದ್ದಾದ್ರೂ ನಿಜಾನಾ ಅನ್ಸುತ್ತೆ ಮೇಡಂ," ಎಂದಿದ್ದಳು ಕನ್ನಡಕದ ಅಂಗಡಿಯವಳು, ಮೊದಲ ದಿನ. "ಅವಳು ಕಣ್ಣು ಮುಚ್ಚೋದ್ರೊಳಗೆ ಅವಳ ಹಾಡು ಇದ್ದ ಜಾಗಕ್ಕೆ ಬರ್ಬೇಕು. ಅಷ್ಟೇ ನನಗೆ ಬೇಕಾಗಿರೋದು."

ಅಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳು ಅಳಲಿಲ್ಲ, ಗಿರಾಕಿಯೊಬ್ಬರ ಕನ್ನಡಕದ ಸ್ಕ್ರೂ ಬಿಗಿ ಮಾಡುತ್ತಲೇ ಹೇಳಿದಳು. ಆ ಸ್ಕ್ರೂ ಆಗಲೇ ಬಿಗಿಯಾಗಿತ್ತು. ಅದಕ್ಕೇ ಕೆಲಸ ಒಪ್ಪಿಕೊಂಡೆ.

ರೆಕಾರ್ಡು ಕಂಪನಿ ಮಾಲೀಕನ ಮಗನ ಮೇಲೆ ನನಗಿದ್ದ ಅನುಮಾನ ಹೋದ ವಾರವೇ ಮಕಾಡೆ ಬಿದ್ದಿತ್ತು. ಹಾಡುಗಳ ಹಕ್ಕು ಇರುವುದು ಮೇಷ್ಟ್ರ ಹೆಸರಲ್ಲಿ. ತೆಗೆದುಹಾಕಿ ಎಂದು ಮಳಿಗೆಗಳಿಗೆ ಹೇಳಿದ್ದೂ ಅವರೇ. ಅದನ್ನು ಅವರು ಅಲ್ಲಗಳೆಯಲೂ ಇಲ್ಲ.

"ನನ್ನ ಹಾಡು, ನನ್ನಿಷ್ಟ" ಎಂದಷ್ಟೇ ಹೇಳಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಸ್ವಂತ ತಂಗಿ ಸಾಯುತ್ತ ಮಲಗಿರುವಾಗ ಅವಳ ಧ್ವನಿಯನ್ನು ಯಾವ ಅಣ್ಣ ಹೂತುಹಾಕುತ್ತಾನೆ? ಇವತ್ತು ನಾನು ಬಂದದ್ದು ಆ ಪ್ರಶ್ನೆಗೆ ಉತ್ತರ ತೆಗೆದುಕೊಂಡು ಹೋಗಲು.

ಫೋನು ತೆಗೆದು ಪಿಯಾನೋದ ಮೇಲಿಟ್ಟೆ.

ಹಳೆಯ ರೆಕಾರ್ಡು ಕೂಡಿಡುವ ಕ್ಷೌರದ ಅಂಗಡಿಯವರೊಬ್ಬರ ಹತ್ತಿರ ಈ ಗಾಯಕಿಯ ರೆಕಾರ್ಡುಗಳು ಸಿಕ್ಕಿದ್ದವು. ಸೂಜಿ ಉಜ್ಜಿ ಉಜ್ಜಿ ಎಲ್ಲ ಸವೆದುಹೋಗಿದ್ದವು. ಕೇಳುವ ಸ್ಥಿತಿಯಲ್ಲಿ ಉಳಿದದ್ದು ಒಂದೇ ಹಾಡು. ಅದನ್ನು ಆಕೆ ಮೊದಲ ಆಲ್ಬಮ್ಮಿನಲ್ಲೂ ಹಾಡಿದ್ದರು, ಮೂರನೆಯದರಲ್ಲೂ ಮತ್ತೆ ಹಾಡಿದ್ದರು. ಎರಡನ್ನೂ ಫೋನಿಗೆ ಹಿಡಿದುಕೊಂಡು ಬಂದು ಮಗಳಿಗೆ ಕೇಳಿಸಿದರೆ, ಅರ್ಧಕ್ಕೇ ನಿಲ್ಲಿಸಿದಳು. "ಇದು ಅಮ್ಮ ಅಲ್ಲ ಮೇಡಂ, ಬರೀ ಗೀರು" ಎಂದು ಫೋನು ವಾಪಸ್ ಕೊಟ್ಟಳು.

ಮೇಷ್ಟ್ರಿಗೆ ಮೊದಲನೆಯದನ್ನು ಹಾಕಿದೆ. ಮೇಲಿನ ಸ್ವರ ಬಂದಾಗ ಅವರು ಕಣ್ಣು ಮುಚ್ಚಿದರು. ತಡಮಾಡದೆ ಮೂರನೆಯದನ್ನು ಹಾಕಿದೆ. ಹಾಡು ಶುರುವಾಗುತ್ತಿದ್ದ ಹಾಗೇ ಅವರ ಕೈ ಫೋನಿನತ್ತ ಬಂತು.

"ನಿಲ್ಸಿ."

"ಯಾಕೆ? ಅದೇ ಹಾಡು. ಅದೇ ತಂಗಿ."

"ಸವೆದ ರೆಕಾರ್ಡು ಅದು. ಕೇಳೋಕಾಗಲ್ಲ."

"ಸವೆದಿರೋದು ಎರಡೂ. ಆದ್ರೆ ಎರಡನೇದು ಒಂದು ಚೂರು ತಗ್ಗಿನಲ್ಲಿದೆ ಅಲ್ವಾ? ನನಗೆ ತಿಳೀಲಿಲ್ಲ. ತಿಳಿದವರೊಬ್ರು ನಿನ್ನೆ ಇದನ್ನ ಕೇಳಿ ಬೆಪ್ಪಾಗಿ ನಿಂತ್ಕೊಂಡ್ರು. ಅದಕ್ಕೇ ಅನುಮಾನ ಬಂತು."

"ಯಂತ್ರ ನಿಧಾನ ತಿರುಗಿದ್ರೆ ಶ್ರುತಿ ಇಳಿಯುತ್ತೆ ಮೇಡಂ. ಚಿಕ್ಕ ಮಕ್ಕಳಿಗೂ ಗೊತ್ತು."

"ಎರಡನ್ನೂ ಹಾಕಿದ್ದು ಒಂದೇ ಯಂತ್ರಕ್ಕೆ, ಒಂದರ ಹಿಂದೆ ಒಂದು."

"ಹಾಗಾದ್ರೆ ಅಚ್ಚು ಹಾಕುವಾಗ ಆಗಿರುತ್ತೆ. ಕಾರ್ಖಾನೆಯವರು ಏನು ದೇವರಾ? ತಪ್ಪಾಗಲ್ವಾ?"

ಮಾತು ಸಲೀಸಾಗಿ ಬಂತು. ಎಷ್ಟೋ ವರ್ಷ ಹಿಂದೆಯೇ ಸಿದ್ಧಮಾಡಿ ಇಟ್ಟುಕೊಂಡ ಉತ್ತರ ಎಂದು ನನಗನ್ನಿಸಿತು. ಚೀಲದಿಂದ ಆ ರೆಕಾರ್ಡುಗಳ ರಟ್ಟಿನ ಕವರುಗಳನ್ನು ತೆಗೆದೆ. ಕ್ಷೌರದ ಅಂಗಡಿಯವರು ಅವನ್ನು ಕನ್ನಡಿಯ ಮೇಲ್ಗಡೆ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಸಿಕ್ಕಿಸಿದ್ದರು. ಕಾಡಿ ಬೇಡಿ ಇಸಕೊಂಡು ಬಂದಿದ್ದೆ.

"ಸರಿ, ನನಗೆ ಕಿವಿ ಇಲ್ಲ. ಕಣ್ಣಿದೆ. ಮೊದಲ್ನೇದರಲ್ಲಿ ಐದು ಜನ ನಿಂತಿದೀರಿ. ನಡುವೆ ನಿಮ್ಮ ತಂಗಿ. ಪಿಯಾನೋಗೆ ನೀವು. ಅಕಾರ್ಡಿಯನ್ ಎದೆಗೆ ಹಾಕ್ಕೊಂಡು, ಎರಡೂ ಕೈಯಲ್ಲಿ ಅದರ ತಿದಿ ಅಗಲಿಸಿ ಹಲ್ಲು ಬಿಡ್ತಿರೋದು ಅವರ ಗಂಡ, ನಿಮ್ಮ ಭಾವ. ಕೊಳಲಿನವರು. ವಯಲಿನ್ನವರು. ಎರಡನೇದರಲ್ಲಿ ಅಕಾರ್ಡಿಯನ್ ಇಲ್ಲ. ಮೂರನೇದರಲ್ಲಿ ಕೊಳಲೂ ಇಲ್ಲ."

"ಜಗಳ ಆಯ್ತು, ಹೋದ್ರು. ಜಗಳ ಆಡದ ವಾದ್ಯಗಾರರ ತಂಡ ಎಲ್ಲಾದ್ರೂ ಇದ್ರೆ ನನಗೂ ತೋರ್ಸಿ."

"ಜಗಳ ಯಾರ ಜೊತೆ ಬೇಕಾದ್ರೂ ಆಗ್ಬಹುದು. ಆದ್ರೆ ವಯಲಿನ್ನವರ ಜೊತೆ ಮಾತ್ರ ಆಗ್ಲಿಲ್ಲ ನೋಡಿ. ಅವರು ಬಿರಡೆ ತಿರುಗಿಸಿದ್ರೆ ತಂತಿ ಇಳಿಯುತ್ತೆ, ಏರುತ್ತೆ. ಆ ಲೋಹದ ಕೊಳಲಿನ ತುಂಡನ್ನ ಕೊಂಚ ಹೊರಗೆ ಎಳೆದು ಸ್ವಲ್ಪ ಇಳಿಸ್ಬಹುದು, ಜಾಸ್ತಿ ಆಗಲ್ಲ. ಅಕಾರ್ಡಿಯನ್ ಒಳಗಿರೋದು ಲೋಹದ ನಾಲಗೆ. ಒಂದ್ಸಲ ಅರ ಹಾಕಿ ಕೂರಿಸಿದ್ರೆ ಮುಗೀತು, ಪಕ್ಕದಲ್ಲಿ ಯಾರು ಇಳಿದ್ರೂ ಅದು ಇಳಿಯಲ್ಲ. ಹಾಗಾಗಿ ಮೊದಲು ಹೋಗಿದ್ದು ಅದು."

ಮೇಷ್ಟ್ರು ನನ್ನ ಕೈಯಿಂದ ಮೊದಲನೇ ಕವರು ಕಿತ್ತುಕೊಂಡರು. "ಇದೆಲ್ಲ ನಿಮಗೆ ಯಾರು ಹೇಳಿದ್ದು?"

"ನಿಮ್ಮ ಭಾವ."

ಕೆಳಗೆ ಸುತ್ತಿಗೆಯ ಸದ್ದು ನಿಂತಿತ್ತು. ಅವರು ಕವರಿನಲ್ಲಿದ್ದ ಭಾವನ ಮುಖವನ್ನು ಕಣ್ಣಿನ ಹತ್ತಿರ ಹಿಡಿದರು.

"ಇದ್ದಾರಾ ಅವರು?" ಎಂದರು.

ಇದ್ದರು. ರೈಲ್ವೆ ಸ್ಟೇಷನ್ನಿನ ಹಿಂದಿನ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತ ಇದ್ದರು. ಮಗಳು ಕೂಸಾಗಿದ್ದಾಗ ಮನೆಬಿಟ್ಟು ಹೋದವರು. ಅಪ್ಪ ಬೇಜವಾಬ್ದಾರಿ, ಸಂಸಾರ ಬೇಡವಾಗಿ ಓಡಿಹೋದ ಎಂದೇ ನಂಬಿಕೊಂಡು ಆ ಹುಡುಗಿ ಬೆಳೆದಿದ್ದಾಳೆ. ಅವರನ್ನು ಹುಡುಕಿದ್ದು ನನಗೆ ಅವರ ಮೇಲೂ ಅನುಮಾನ ಇದ್ದದ್ದರಿಂದ.

ನಿನ್ನೆ ಹೋದಾಗ ಆವಿಯ ನಡುವೆ ಯಾರದೋ ಅಂಗಿಯ ಕಾಲರು ಒತ್ತುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದು ಹೇಳಿದ ಮೇಲೂ ಕೈ ನಿಲ್ಲಿಸಲಿಲ್ಲ.

"ಹಾಡು ತೆಗೆಸೋಕೆ ನಾನ್ಯಾರು ಮೇಡಂ? ನಾನು ಹಾಡು ಕೇಳೋದೇ ಇಲ್ಲ. ನನ್ನ ಕಿವಿ ಹಾಳಾಗಿದೆ."

"ಕೇಳ್ಸಲ್ವಾ?"

"ಕೇಳ್ಸುತ್ತೆ. ಶ್ರುತಿ ತಿಳಿಯಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಹಾಳಾಯ್ತು. ನಾನು ನುಡಿಸಿದ್ದೆಲ್ಲ ಅಪಸ್ವರ. ಅಕಾರ್ಡಿಯನ್ ಪೆಟ್ಟಿಗೆ ಕೆಟ್ಟಿದೆ ಅಂದ್ಕೊಂಡು ರಿಪೇರಿಗೆ ತಗೊಂಡ್ಹೋದೆ, ಪೆಟ್ಟಿಗೆ ಸರಿ ಇದೆ, ಒಳಗಿರೋದು ಲೋಹದ ನಾಲಗೆ, ಪಿಟೀಲು ಕೊಳಲಿನ ಹಾಗೆ ಏರಲ್ಲ ಇಳಿಯಲ್ಲ ಅಂದ್ರು. ಅಂದ್ಮೇಲೆ ಕಿವೀನೇ ತಾನೆ? ಕಿವಿ ಡಾಕ್ಟರ ಹತ್ರ ಹೋದೆ, ಕಿವೀನೂ ಸರಿ ಇದೆ ಅಂದ್ರು. ಡಾಕ್ಟರಿಗೇನು ಗೊತ್ತು ಶ್ರುತಿ, ಅಂದ್ಕೊಂಡೆ."

ಇಷ್ಟನ್ನು ಅವರು ಹವಾಮಾನದ ಸುದ್ದಿ ಹೇಳುವವರ ಹಾಗೆ ಹೇಳಿದರು.

"ಅದಕ್ಕೋಸ್ಕರ ಮನೆ ಬಿಟ್ರಾ?"

"ಅದಕ್ಕಲ್ಲ. ತಂಡದಿಂದ ತೆಗೆದ್ರೂ ಮನೇಲೇ ಇದ್ದೆ. ಒಂದಿನ ಮಗೂನ ಮಲಗಿಸ್ತಾ ಏನೋ ಗುನುಗ್ತಿದ್ದೆ. ನಮ್ಮನೆಯವಳು ಬಂದು ಮಗೂನ ತಗೊಂಡ್ಬಿಟ್ಳು. 'ನೀವು ಹಾಡ್ಬೇಡಿ, ಇದರ ಕಿವೀನೂ ಹಾಳಾಗುತ್ತೆ' ಅಂದ್ಳು. ಬೈದಿದ್ದಲ್ಲ ಮೇಡಂ, ಮೆತ್ತಗೇ ಹೇಳಿದ್ಳು. ಸರಿ ಅಲ್ವಾ ಅವಳು ಹೇಳಿದ್ದು? ಒಂದು ಮನೇಲಿ ಒಂದು ಕಿವಿ ಹಾಳಾಗಿದ್ದು ಸಾಲ್ದಾ ಅನ್ನಿಸ್ತು."

ಆಗ ನಾನು, ಅದರಲ್ಲಿ ನುಡಿಸಿದ್ದು ಇವರೇನಾ ಎಂದು ಖಾತ್ರಿ ಮಾಡಿಕೊಳ್ಳಲು, ಎರಡೂ ಹಾಡು ಒಂದರ ಹಿಂದೆ ಒಂದು ಕೇಳಿಸಿದೆ. ಇಸ್ತ್ರಿಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟರು. "ಇನ್ನೊಂದ್ಸಲ" ಎಂದರು. ಮತ್ತೆ ಹಾಕಿದೆ. "ಇನ್ನೊಂದೇ ಒಂದ್ಸಲ." ಆಮೇಲೆ ಆ ಅಂಗಿಯನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಹಳೆಯ ನೆನಪು ಕಾಡಿರಬೇಕೆಂದು ಸುಮ್ಮನೆ ಎದ್ದುಬಂದೆ.

ಬಸ್ಸಿನಲ್ಲಿ ತೊಡೆಯ ಮೇಲೆ ಕವರುಗಳನ್ನು ಹರಡಿಕೊಂಡು ಕೂತಾಗ ಹೊಳೆಯಿತು. ಒಬ್ಬನ ಕಿವಿಯೂ ಸರಿ, ಪೆಟ್ಟಿಗೆಯೂ ಸರಿ ಇದ್ದರೆ, ತಪ್ಪಿರಬೇಕಾದ್ದು ಉಳಿದದ್ದೆಲ್ಲ.

ಇಳಿದವಳೇ ಆಟಿಕೆ ಅಂಗಡಿಗೆ ಹೋಗಿ ಒಂದು ಮೌತ್ ಆರ್ಗನ್ ಕೊಂಡೆ. ಅದರೊಳಗಿರುವುದೂ ಲೋಹದ ನಾಲಗೆಯೇ. ಯಾರ ಮುಲಾಜಿಗೂ ಬಗ್ಗುವುದಿಲ್ಲ.

ಈಗ ಅದನ್ನು ಚೀಲದಿಂದ ತೆಗೆದೆ. ಮೇಷ್ಟ್ರು ಎದ್ದು ನಿಂತರು.

"ಬೇಡ," ಎಂದರು.

ಬಾಯಿಗಿಟ್ಟು ಒಂದು ಸ್ವರ ಊದಿದೆ. ಊದುತ್ತಲೇ ಪಿಯಾನೋದ ಒಂದು ಬಿಳಿ ಪಟ್ಟಿ ಒತ್ತಿದೆ. ಸೇರಲಿಲ್ಲ. ಅದರ ಪಕ್ಕದ್ದು ಒತ್ತಿದೆ, ಅದರ ಪಕ್ಕದ ಕಪ್ಪನ್ನೂ ಒತ್ತಿದೆ. ಒಂದು ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ಯಾವುದಕ್ಕೂ ನನ್ನ ಕೈಯಲ್ಲಿದ್ದ ಆಟಿಕೆ ಒಪ್ಪಲಿಲ್ಲ. ಇಬ್ಬರು ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಲು ಹೋಗಿ ಸಿಕ್ಕಿಕೊಂಡ ಹಾಗೆ ಎರಡು ಸದ್ದೂ ಒದ್ದಾಡಿದವು. ನನ್ನಂಥ ಸೊನ್ನೆಗೂ ಹಲ್ಲು ಜುಮ್ಮೆಂದಿತು.

"ಸಾಕು! ಸಾಕು ನಿಲ್ಸಿ!"

ನಿಲ್ಲಿಸಿದೆ.

"ಇವತ್ತಿಗೂ ಮೇಲಕ್ಕೆ ಏರಿಸಿಲ್ಲ ನೀವು," ಎಂದೆ.

ಮೇಷ್ಟ್ರು ಮುಚ್ಚಳವನ್ನು ತಾವೇ ಇಳಿಸಿದರು. ಮೆಲ್ಲಗೆ, ನಿದ್ದೆಹೋದವರಿಗೆ ಹೊದಿಸುವ ಹಾಗೆ. ಮತ್ತೆ ಮಂಚದ ಅಂಚಿಗೆ ಹೋಗಿ ಕೂತರು.

"ನೀವು ಅವಳ ಆ ಮೇಲಿನ ಸ್ವರಾನ ಎದುರು ಕೂತು ಕೇಳಿಲ್ಲ. ಜನ ಅದೊಂದಕ್ಕೋಸ್ಕರ ಬರ್ತಿದ್ರು. ಮಗು ಹುಟ್ಟಿದ್ಮೇಲೆ ಅದು ಸಿಗ್ಲಿಲ್ಲ ಅವಳಿಗೆ. ಹತ್ತಿರದ ತನಕ ಹೋಗಿ ಒಡೆದುಹೋಗೋದು. ಸುಧಾರಿಸ್ಕೋ, ಬರುತ್ತೆ ಅಂದೆ. ಬರ್ಲಿಲ್ಲ."

"ಒಂದು ಪಟ್ಟಿ ಕೆಳಗಿಂದ ಶುರು ಮಾಡಿದ್ರೆ ಆಗ್ತಿರ್ಲಿಲ್ವಾ? ಹಾಡೋರು ಎಲ್ರೂ ಮಾಡಲ್ವಾ?"

"ಮಾಡಿ ನೋಡಿದೆ. ನನ್ನ ಬೆರಳು ಎಲ್ಲಿ ಕೂರುತ್ತೆ ಅಂತ ನೋಡ್ತಾ ನಿಂತಿರೋಳು. ಒಂದು ಪಟ್ಟಿ ಈಚೆ ಇಟ್ಟಿದ್ದೇ ತಡ, ಮುಖ ಬಾಡಿಹೋಯ್ತು. 'ಅಣ್ಣ, ಹಾಗಾದ್ರೆ ನಾನು ಮುಗಿದೆ' ಅಂದ್ಳು. ಅವಳಿಗಾಗ ಎಷ್ಟು ವಯಸ್ಸು ಗೊತ್ತಾ? ನನ್ನ ಕೈಹಿಡಿದು ಶಾಲೆಗೆ ಬರ್ತಿದ್ದ ಹುಡುಗಿ ಮೇಡಂ ಅದು. ಮುಗಿದೆ ಅಂತಾಳೆ."

ಪಿಯಾನೋದ ಕಡೆ ಕೈ ತೋರಿಸಿದರು.

"ಪಿಯಾನೋ ಶ್ರುತಿ ಮಾಡೋನು ಬಂದಾಗ, ಎಲ್ಲಾ ತಂತೀನೂ ಕೂದಲೆಳೆಯಷ್ಟು ಇಳಿಸು ಅಂದೆ. ಯಾಕೆ ಅಂತ ಅವನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಅದೇ ಪಟ್ಟಿ, ಅದೇ ಬೆರಳು. ಅವತ್ತು ಆ ಸ್ವರ ಸಿಕ್ತು ಅವಳಿಗೆ. ಹಾಡು ಮುಗಿದ ತಕ್ಷಣ ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದು ಅತ್ತುಬಿಟ್ಳು. ಅದನ್ನ ಕಂಡ್ಮೇಲೆ ವಾಪಸ್ ಏರಿಸೋ ಧೈರ್ಯ ಯಾರಿಗಿರುತ್ತೆ? ಆಮೇಲೆ ಅವಳು ಒಂದಿಷ್ಟು ಜಾರಿದ್ಳು, ನಾನು ಒಂದಿಷ್ಟು ಇಳಿಸ್ದೆ. ಹಾಗೇ ನಡ್ಕೊಂಡು ಹೋಯ್ತು."

"ಮತ್ತೆ ನಿಮ್ಮ ಭಾವ?"

ಅವರು ಭಾವನ ಚಿತ್ರವಿದ್ದ ಕವರನ್ನು ಮಂಚದ ಮೇಲೆ ಬೋರಲು ಹಾಕಿದರು.

"ಭಾವನ ಪೆಟ್ಟಿಗೆ ಒಪ್ಪಲಿಲ್ಲ. ತಾಲೀಮಿನಲ್ಲಿ ಕೆಟ್ಟದಾಗಿ ಕೇಳಿಸ್ತು. ಎಲ್ರೂ ಕೈ ನಿಲ್ಸಿ ಅವರ ಕಡೆ ನೋಡಿದ್ರು. ಅವಳೂ ನೋಡಿದ್ಳು."

"ನೀವು?"

"ನಾನೂ ನೋಡ್ದೆ."

ಇಷ್ಟು ಹೇಳಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಬೆರಳುಗಳ ಸಂದಿಯಿಂದಲೇ ಮಾತು ಬಂತು.

"'ಕಿವೀಲಿ ನೀರು ನಿಂತಿರ್ಬೇಕು, ತೊಳ್ಕೊಂಡು ಬರ್ತೀನಿ' ಅಂತ ಎದ್ದುಹೋದ್ರು ಮೇಡಂ. ನಲ್ಲಿ ಬಿಟ್ಟಿದ್ದು ಒಳಗೆ ಕೂತಿದ್ದ ನನಗೆ ಕೇಳಿಸ್ತಿತ್ತು. ಆಗ ಎದ್ದು ಹೇಳ್ಬಹುದಿತ್ತು. ಹೇಳಿದ್ರೆ ಅವಳಿಗೂ ಗೊತ್ತಾಗೋದು. ಅವಳು ಹಾಡೋದು ಬಿಡೋಳು. ಇಬ್ರಲ್ಲಿ ಒಬ್ರನ್ನ ಉಳಿಸ್ಕೋಬೇಕಿತ್ತು, ತಂಗೀನ ಉಳಿಸ್ಕೊಂಡೆ."

ಎಂಥ ಪ್ರೀತಿಯಪ್ಪ ಇದು ಎನ್ನಿಸಿತು ನನಗೆ. ಒಬ್ಬಳ ಗಂಟಲು ಕಾಯಲು ಇನ್ನೊಬ್ಬನ ಕಿವಿ ಕಿತ್ತುಕೊಂಡಿದ್ದಾರೆ. ಬೈಯಬೇಕೆಂದು ಬಾಯಿ ತೆಗೆದೆ. ಆದರೆ ಆ ಮುದುಕನ ಬಗ್ಗಿದ ಬೆನ್ನು ನೋಡಿ ಬೈಗುಳ ಬರಲಿಲ್ಲ, ದುಃಖ ಬಂತು.

"ಅದನ್ನ ಮುಚ್ಚಿಡೋಕೆ ಹಾಡು ತೆಗೆಸಿದ್ರಿ."

"ನಾನಾ?" ಮೇಷ್ಟ್ರು ತಲೆಯೆತ್ತಿದರು. "ಅವನ್ನ ಅಲ್ಲಿ ಹಾಕಿಸಿದ್ದೇ ನಾನು. ಅವಳ ಹಾಡು ನಾಲ್ಕು ಜನ ಕೇಳ್ಲಿ ಅಂತ ನಾನೇ ಓಡಾಡಿ ಹಾಕಿಸಿದ್ದೆ. ಯಾರಿಗೂ ಏನೂ ತಿಳೀಲಿಲ್ಲ."

"ಮತ್ತೆ ತೆಗೆಸಿದ್ದು?"

"ನಾನೇ. ಆದ್ರೆ ತೆಗೆಸು ಅಂದಿದ್ದು ಅವಳು."

ನಾನು ಬೇಸ್ತುಬಿದ್ದೆ. "ನಿಮ್ಮ ತಂಗೀನಾ?"

"ಆಪರೇಷನ್ ಆದ್ಮೇಲೆ ಮಗಳು ಫೋನಿಗೆ ಇಯರ್‌ಫೋನು ಹಾಕಿ ಅವಳ ಕೈಗಿಟ್ಟಿದ್ಳು. 'ಅಮ್ಮ, ನಿನ್ನ ಧ್ವನಿ ಎಲ್ಲೂ ಹೋಗಿಲ್ಲ, ಕೇಳು' ಅಂತ. ಪಾಪ, ಒಳ್ಳೇದಕ್ಕೇ ಕೊಟ್ಟಿದ್ದು. ರೆಕಾರ್ಡಾದ್ರೆ ಏಳ್ಬೇಕು, ಒಂದನ್ನ ತೆಗೀಬೇಕು, ಧೂಳು ಒರೆಸಿ ಇನ್ನೊಂದನ್ನ ಹಾಕ್ಬೇಕು. ಅಷ್ಟೊತ್ತಿಗೆ ಕಿವಿ ಮರೆತಿರುತ್ತೆ. ಎಷ್ಟೋ ಸಲ ಅವಳು ಹಾಗೆ ಕೇಳಿದಾಳೆ, ಗೊತ್ತಾಗಿಲ್ಲ. ಫೋನಲ್ಲಿ ಹಾಗಲ್ಲವಲ್ಲ. ಒಂದೇ ಹೆಸರಿನ ಹಾಡು ಎರಡನ್ನೂ ಅದು ಅಕ್ಕಪಕ್ಕ ಇಟ್ಟಿತ್ತು. ಮೊದಲ್ನೇದು ಮುಗೀತು, ಮೂರನೇದು ಶುರುವಾಯ್ತು. ನಡುವೆ ಉಸಿರು ಬಿಡೋಷ್ಟೂ ಹೊತ್ತಿಲ್ಲ."

ನಾನು ಪಿಯಾನೋಗೆ ಆತುಕೊಂಡು ನಿಂತೆ.

"ಕರೆಸಿದ್ಳು. ಹೋದೆ. ಒಂದು ತುದಿ ತನ್ನ ಕಿವಿಗಿಟ್ಕೊಂಡು ಇನ್ನೊಂದನ್ನ ನನ್ನ ಕಿವಿಗೆ ತಾನೇ ಸಿಗಿಸಿದ್ಳು. ಚಿಕ್ಕೋರಿದ್ದಾಗ ಒಂದೇ ಚಾದರದಲ್ಲಿ ಮಲಗಿದ ಹಾಗೆ ಇಬ್ರೂ ತಲೆಗೆ ತಲೆ ತಾಗಿಸ್ಕೊಂಡು ಎರಡೂ ಹಾಡು ಕೇಳಿದ್ವಿ. ಮುಗಿದ್ಮೇಲೆ ನನ್ನ ಕೆನ್ನೆಗೆ ಹೊಡೆದ್ಳು. ಕೈಯಲ್ಲಿ ಶಕ್ತಿ ಎಲ್ಲಿತ್ತು? ಸವರಿದ ಹಾಗಾಯ್ತು ನನಗೆ. ಆಮೇಲೆ ಫೋನು ತೋರಿಸಿ, ಎಲ್ಲಾ ತೆಗೆದುಹಾಕು ಅಂತ ಕೈ ಸನ್ನೆ ಮಾಡಿದ್ಳು."

"ಯಾಕೆ ಅಂತ ಕೇಳಿದ್ರಾ?"

"ಕೇಳ್ದೆ. ಗೋಡೆ ಕಡೆ ತಿರುಗಿ ಮಲಗಿದ್ಳು. ಭಾವ ಎಲ್ಲಾದ್ರೂ ಇದ್ದು, ಅವರ ಕಿವಿಗೆ ಬಿದ್ರೆ ಏನು ಗತಿ ಅಂತ ಇರ್ಬೇಕು. ಇಷ್ಟು ವರ್ಷ ತನ್ನದೇ ತಪ್ಪು ಅಂತ ಬದುಕಿದ ಮನುಷ್ಯ ಅಲ್ವಾ? ಹಾಗೇ ಹೋಗ್ಬಿಡ್ಲಿ ಅಂತ."

"ಮೇಷ್ಟ್ರೇ, ನಿನ್ನೆ ನಾನು ಅವರಿಗೆ ಎರಡೂ ಕೇಳ್ಸಿದೀನಿ. ಒಂದರ ಹಿಂದೆ ಒಂದು. ಮೂರು ಸಲ."

ಅವರು ಕವರನ್ನು ಮತ್ತೆ ತಿರುಗಿಸಿ ಭಾವನ ಮುಖದ ಮೇಲೆ ಅಂಗೈ ಇಟ್ಟರು.

"ಇನ್ನು ಮುಚ್ಚಿಡೋಕೆ ಏನೂ ಉಳಿದಿಲ್ಲ," ಎಂದೆ. "ಆ ಹುಡುಗಿ ನನ್ನನ್ನ ಕೇಳಿದ್ದು ಒಂದೇ. ಅಮ್ಮ ಇರೋದ್ರೊಳಗೆ ಅಮ್ಮನ ಹಾಡು ವಾಪಸ್ ಬರ್ಬೇಕು. ಹಾಕಿಸಿ."

"ಅವಳು ಹೂಂ ಅಂತ ತಲೆ ಆಡಿಸ್ಲಿ, ಈ ಕ್ಷಣ ಹಾಕಿಸ್ತೀನಿ. ಅವಳ ಒಪ್ಪಿಗೆ ಇಲ್ದೆ ಒಂದ್ಸಲ ಅವಳ ಹಾಡು ಮುಟ್ಟಿದೀನಿ ಮೇಡಂ. ಇನ್ನೊಂದ್ಸಲ ಮುಟ್ಟಲ್ಲ. ಕೇಳಿ ಅವಳನ್ನ."

ನ್ಯಾಯವಾದ ಮಾತು. ಕನ್ನಡಕದ ಅಂಗಡಿಗೆ ಫೋನು ಹಚ್ಚಿದೆ. ಮೇಷ್ಟ್ರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ನಾನು ಹಲೋ ಎನ್ನುವ ಮೊದಲೇ ಅವಳ ಧ್ವನಿ ಬಂತು.

"ಮೇಡಂ, ಅಮ್ಮ ಇಲ್ಲ!"

ಮೇಷ್ಟ್ರು ಎದೆ ಹಿಡಿದುಕೊಂಡರು.

"ಇಲ್ಲ ಅಂದ್ರೆ?"

"ಹಾಸಿಗೇಲಿ ಇಲ್ಲ. ಗಂಜಿ ತಗೊಂಡು ಮೇಲೆ ಹೋದ್ರೆ ಮಂಚ ಖಾಲಿ. ಚಪ್ಪಲಿ ಇಲ್ಲ. ಬಚ್ಚಲಿಗೆ ಹೋಗೋಕೂ ನಾನು ಹಿಡ್ಕೋಬೇಕು ಅವಳನ್ನ, ಮೆಟ್ಟಿಲು ಹೇಗೆ ಇಳಿದ್ಳೋ! ಯಾರನ್ನಾದ್ರೂ ಏನಾದ್ರೂ ಕೇಳೋಕೂ ಅವಳಿಗೆ ಮಾತಿಲ್ಲ ಮೇಡಂ. ಎಲ್ಲಿ ಅಂತ ಹುಡುಕ್ಲಿ?"

ಅವಳು ಅಳುತ್ತಿದ್ದಳು. ನನಗೆ ಸಿಟ್ಟು ಬರಲಿಲ್ಲ.

ನಿನ್ನೆ ಸಂಜೆ ನಾನು ಆ ಕೋಣೆಯಲ್ಲೇ, ಆ ಮಂಚದ ಪಕ್ಕದಲ್ಲೇ ನಿಂತು ಮಗಳಿಗೆ ವರದಿ ಒಪ್ಪಿಸಿದ್ದೆ. ನಿಮ್ಮ ತಂದೆ ಸಿಕ್ಕಿದ್ದಾರೆ, ಸ್ಟೇಷನ್ ಹಿಂದಿನ ಲಾಂಡ್ರಿಯಲ್ಲಿದ್ದಾರೆ, ಎಂದು ಬಾಯಿಬಿಟ್ಟು ಹೇಳಿದ್ದೆ. ಮಗಳು ಮುಖ ಗಂಟಿಕ್ಕಿಕೊಂಡು "ಇದ್ಕೊಳ್ಳಲಿ ಬಿಡಿ" ಎಂದಿದ್ದಳು. ತಾಯಿ ಕಣ್ಣು ಮುಚ್ಚಿ ಮಲಗಿದ್ದರು. ಮಾತು ಹೋದವರ ಮುಂದೆ ನಾವು ಅವರಿಗೆ ಕಿವಿಯೂ ಹೋಗಿದೆ ಎಂಬಂತೆ ಮಾತಾಡುತ್ತೇವೆ.

"ನೀನು ಅಂಗಡಿ ಬಿಟ್ಟು ಎಲ್ಲೂ ಹೋಗ್ಬೇಡ. ಎಲ್ಲಿದ್ದಾರೆ ಅಂತ ನನಗೆ ಗೊತ್ತು ಅನ್ಸುತ್ತೆ," ಎಂದು ಹೇಳಿ ಲಾಂಡ್ರಿಗೆ ಫೋನು ಮಾಡಿದೆ. ಮೇಷ್ಟ್ರು ಆಗಲೇ ಒಂದು ಕಾಲಿಗೆ ಬೂಟು ಹಾಕಿಕೊಂಡಿದ್ದರು.

ಮಾಲೀಕರು ಎತ್ತಿಕೊಂಡರು. ನಿನ್ನೆ ಬಂದವಳು ಎಂದು ನೆನಪಿಸಿ, ಇಸ್ತ್ರಿಯವರನ್ನು ಕರೆಯಿರಿ ಎಂದೆ.

"ಅವನೆಲ್ಲಿದಾನೆ ಮೇಡಂ ಈಗ? ಬೆಳಿಗ್ಗೇನೇ ಬಂದು ಬೀಗದ ಕೈ ಕೊಟ್ಟು ಹೋದ. ಇನ್ನು ಬರಲ್ಲ ಅಂದ. ನೀವೇನು ಹೇಳಿದ್ರೋ ಏನೋ, ಒಂದ್ಸಲ ನಗ್ತಾನೆ, ಒಂದ್ಸಲ ಕಣ್ಣೊರೆಸ್ಕೋತಾನೆ. ಶಿಳ್ಳೆ ಹಾಕ್ಕೊಂಡು ಹೋದ ನೋಡಿ! ಇಷ್ಟು ವರ್ಷ ನನ್ನ ಹತ್ರ ಇದ್ದ, ಅವನಿಗೆ ಶಿಳ್ಳೆ ಬರುತ್ತೆ ಅಂತಾನೇ ನನಗೆ ಗೊತ್ತಿರ್ಲಿಲ್ಲ."

"ಎಲ್ಲಿಗೆ ಹೋದ್ರು?"

"ಹೇಳ್ಲಿಲ್ಲ. ಹೆಗಲ ಮೇಲೆ ದೊಡ್ಡದೊಂದು ಪೆಟ್ಟಿಗೆ ಇತ್ತು. ರೈಲು ಹತ್ತಿದ ಅಂತ ಕಾಣುತ್ತೆ. ಮೇಡಂ, ಇಡ್ಬೇಡಿ, ಇಡ್ಬೇಡಿ. ನೀವೇ ಸಿಕ್ಕಿದ್ದು ಒಳ್ಳೇದಾಯ್ತು. ಇಲ್ಲೊಬ್ರು ಹೆಂಗಸು ಬಂದು ನಿಂತಿದಾರೆ."

ಮೇಷ್ಟ್ರ ಕೈಯಲ್ಲಿದ್ದ ಇನ್ನೊಂದು ಬೂಟು ಹಾಗೇ ನಿಂತಿತು.

"ಕುತ್ತಿಗೆಗೆ ಬಟ್ಟೆ ಸುತ್ಕೊಂಡಿದಾರೆ," ಎಂದರು ಮಾಲೀಕರು, ದನಿ ತಗ್ಗಿಸಿ. "ನಿಲ್ಲೋಕೂ ಆಗ್ತಿಲ್ಲ ಅವರಿಗೆ, ಕೂತ್ಕೊಳ್ಳಿ ಅಂದ್ರೆ ಕೂರಲ್ಲ. ಮಾತಾಡಲ್ಲ. ಏನು ಬೇಕಮ್ಮಾ ಅಂದ್ರೆ ಎರಡೂ ಕೈ ಎದೆ ಮುಂದೆ ಇಟ್ಕೊಂಡು ಹೀಗೆ ಅಗಲಿಸ್ತಾರೆ, ಹತ್ತಿರ ತರ್ತಾರೆ. ಮತ್ತೆ ಅಗಲಿಸ್ತಾರೆ, ಮತ್ತೆ ಹತ್ತಿರ ತರ್ತಾರೆ. ಬಂದಾಗಿಂದ ಅದೊಂದೇ. ದುಪ್ಪಟಿ ಮಡಿಚಿ ಕೊಡ್ಬೇಕಾ ಅಂತ ಕೇಳ್ದೆ. ಅದಕ್ಕೆ ಅಳೋಕೆ ಶುರು ಮಾಡಿದಾರೆ. ನಾನೇನಂತ ಹೇಳ್ಲಿ ಮೇಡಂ ಇವರಿಗೆ?"